ನೆಗಡಿ ಇದ್ದವರು ದಯವಿಟ್ಟು ಈಗ ಬರಬೇಡಿ

ನಮ್ಮಣ್ಣನ ಮಗ ಪುಟ್ಟ ಚಿಕಿತ್ಸೆ ಮುಗಿಸಿ ಬೆಂಗಳೂರಿನಿಂದ ಹೊಸನಗರದ ಮನೆಗೆ ಬಂದು ಇವತ್ತಿಗೆ ಹನ್ನೆರಡು ದಿನ. ನೋಡೋಕೆ ಬರ್ತೀವಿ ಅಂತ ದಿನಾ ಫೋನು. ಬೇಡ ಅಂದ್ರೆ ಬೇಜಾರು ಮಾಡ್ಕೋತೀರಿ. ಅದಕ್ಕೇ ಎಲ್ಲರಿಗೂ ಒಟ್ಟಿಗೇ ಹೇಳ್ತಿದೀನಿ.

ಪುಟ್ಟನಿಗಿದ್ದದ್ದು ಸ್ಕಿಡ್ (SCID) ಅನ್ನೋ ಹುಟ್ಟು ಕಾಯಿಲೆ. ಹುಟ್ಟಿನಿಂದಲೇ ರೋಗದ ವಿರುದ್ಧ ಹೋರಾಡೋ ಲಿಂಫೋಸೈಟು ಅನ್ನೋ ಬಿಳಿ ರಕ್ತಕಣಗಳು ಇರಲ್ಲ, ಇದ್ದರೂ ಕೆಲಸ ಮಾಡಲ್ಲ. ಅದಕ್ಕೆ ಬೇರೆಯವರ ಅಸ್ಥಿಮಜ್ಜೆ (ರಕ್ತಕಣ ತಯಾರಾಗೋ ಮೂಳೆಯೊಳಗಿನ ತಿರುಳು) ಕಸಿ ಮಾಡಬೇಕಿತ್ತು. ಒಡಹುಟ್ಟಿದವರದು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ಆರು ವರ್ಷದ ಅಕ್ಕನದು ಹೊಂದಿತು.

ಕಸಿಗೆ ನಾಲ್ಕು ದಿನ ಇದೆ ಅನ್ನುವಾಗ ಮೂಗಿನ ಸ್ವಾಬಿನಲ್ಲಿ ಆರ್‌ಎಸ್‌ವಿ ಅನ್ನೋ ನೆಗಡಿ ವೈರಸ್ ಸಿಕ್ಕಿತು. ದಿನಾಂಕ ಮುಂದೆ ಹೋಯಿತು. 'ಒಂದು ನೆಗಡಿಗೆ ಇಷ್ಟು ದೊಡ್ಡ ಚಿಕಿತ್ಸೆ ನಿಲ್ಲಿಸ್ತಾರಾ' ಅಂತ ನಮ್ಮಲ್ಲೇ ಎಷ್ಟೋ ಜನ ಕೇಳಿದ್ರಿ. ನಿಲ್ಲಿಸ್ತಾರೆ. ಕಸಿಗೆ ಮುಂಚೆ ಕೀಮೋ ಕೊಟ್ಟರೆ ಕೆಲವು ವಾರ ಬಿಳಿ ರಕ್ತಕಣಗಳು ನೆಲಕಚ್ಚಿರ್ತವೆ. ಆಗ ಮೂಗಿನಲ್ಲಿದ್ದ ವೈರಸ್ ಶ್ವಾಸಕೋಶಕ್ಕಿಳಿದರೆ ಮಗು ಉಳಿಯೋದು ಕಷ್ಟ.

ಔಷಧಿ ಇಲ್ವಾ ಅಂತೀರಿ. ಫ್ಲೂಗೆ ಒಸೆಲ್ಟಾಮಿವಿರ್ ಇದೆ. ಅಡಿನೋವೈರಸ್‌ಗೆ ಸಿಡೋಫೋವಿರ್ ಕೊಡ್ತಾರೆ, ಅದು ಕಿಡ್ನಿಗೆ ಪೆಟ್ಟು. ಆರ್‌ಎಸ್‌ವಿಗೆ ರೈಬವಿರಿನ್ ಕೊಡೋದುಂಟು. ಎಷ್ಟು ಉಪಯೋಗ ಅನ್ನೋದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ವೈರಸ್ಸನ್ನು ನಿಜವಾಗಿ ಓಡಿಸೋದು ಹೊಸ ಲಿಂಫೋಸೈಟು. ಅದು ಬರೋದೇ ಕಸಿಯಿಂದ! ಕಾದರೂ ಭಯ, ಕಾಯದಿದ್ದರೂ ಭಯ. ಅಮೆರಿಕ, ಕೆನಡಾದ 240 ಸ್ಕಿಡ್ ಮಕ್ಕಳನ್ನು ಗಮನಿಸಿದ ಅಧ್ಯಯನ 2014ರಲ್ಲಿ ಬಂತು. ಹುಟ್ಟಿ ಮೂರೂವರೆ ತಿಂಗಳೊಳಗೆ ಕಸಿಯಾದವರಲ್ಲಿ 100ಕ್ಕೆ 94 ಮಕ್ಕಳು ಕಸಿಯಾಗಿ ಐದು ವರ್ಷದ ಮೇಲೂ ಬದುಕಿದ್ದರು. ಅದಕ್ಕಿಂತ ದೊಡ್ಡವರಲ್ಲಿ ಸೋಂಕೇ ಆಗದಿದ್ದವರು 90, ಸೋಂಕು ಬಂದು ವಾಸಿಯಾದವರು 82. ವಾಸಿಯಾದ ಸೋಂಕಿಗೇ ಇಷ್ಟು ವ್ಯತ್ಯಾಸ. ರಾತ್ರಿಯೆಲ್ಲ ಆ ಅಂಕಿಗಳನ್ನೇ ನೋಡ್ತಾ ಕೂತಿದ್ದೆ.

ಮೂರು ವಾರ ಕಾದರು. ಕೆಮ್ಮು ಇಳಿಯಿತು, ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶ ಚೆನ್ನಾಗಿತ್ತು. ಸ್ವಾಬಿನಲ್ಲಿ ವೈರಸ್ ಇನ್ನೂ ಇತ್ತು, ಆದರೂ ಡಾಕ್ಟ್ರು ಮುಂದುವರಿದರು. ಅಕ್ಕನ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯನ್ನು ರಕ್ತ ಕೊಟ್ಟ ಹಾಗೆ ಡ್ರಿಪ್ಪಿನಲ್ಲಿ ಹರಿಸಿದರು.

ಕಸಿ ಹಿಡಿದಿದೆ. ಆದರೂ ಪೂರ್ತಿ ಶಕ್ತಿ ಬರೋಕೆ ತಿಂಗಳುಗಳು ಬೇಕು. ಈ ಮಳೆಗಾಲದಲ್ಲಿ ನಮ್ಮ ಗೋಡೆಗಳಿಗೆ ಬೂಷ್ಟು ಹಿಡಿಯೋದೇ ದೊಡ್ಡ ಚಿಂತೆ, ಅದೂ ಇವನ ಶ್ವಾಸಕೋಶಕ್ಕೆ ಅಪಾಯ. ಅವನ ಕೋಣೆಗೆ ಹೊಸದಾಗಿ ಬಣ್ಣ ಹೊಡೆಸಿದ್ದೇವೆ, ಬಚ್ಚಲೊಲೆ ಹೊಗೆ ಆ ಕಡೆ ಹೋಗದ ಹಾಗೆ ಮಾಡಿದ್ದೇವೆ, ಮನೆಯವರೆಲ್ಲ ಫ್ಲೂ ಚುಚ್ಚುಮದ್ದು ತಗೊಂಡಿದ್ದೇವೆ. ನೀವು ಹಲಸಿನಹಣ್ಣು ತಂದರೆ ಜಗುಲಿ ಮೇಲಿಟ್ಟು, ಅಂಗಳದಲ್ಲಿ ನಿಂತು ಮಾತಾಡಿ. ಮೂಗು ಸೋರ್ತಿದ್ರೆ ಅಂಗಳಕ್ಕೂ ಬೇಡ.

ಇನ್ನೊಂದು ಮಾತು. ಆ ನೆಗಡಿ ಬಂದಿದ್ದು ಅಕ್ಕನ ಶಾಲೆಯಿಂದ ಇರಬಹುದು. ಯಾರೋ ಹಿರಿಯರು ಅವಳ ಎದುರೇ 'ನಿನ್ನಿಂದಲೇ ತಮ್ಮನಿಗೆ ಬಂತು' ಅಂದುಬಿಟ್ಟರು. ಅವತ್ತಿನಿಂದ ತಮ್ಮನ ಕೋಣೆ ಬಾಗಿಲಲ್ಲೇ ನಿಲ್ತಾಳೆ. ಮೊನ್ನೆ 'ಅತ್ತೆ, ನಾನಿಲ್ಲಿ ಉಸಿರಾಡಬಹುದಾ' ಅಂತ ಕೇಳಿದಳು. ನನಗೆ ತಡೆಯೋಕಾಗಲಿಲ್ಲ. ಆರು ವರ್ಷದ ಮಗುವಿನ ಮೇಲೆ ಅಂಥ ಮಾತು ಹೊರಿಸಬೇಡಿ. ಏನಾದ್ರೂ ಕಳಿಸೋದಿದ್ರೆ ಅವಳಿಗೆ ಕಳಿಸಿ. ಡ್ರಾಯಿಂಗ್ ಪುಸ್ತಕ ಮುಗಿದಿದೆ.