ಅರ್ಧ ಕೆಜಿ ಟಾರ್ಪಾಲು

ಮಧುಗಿರಿ ಸೀಮೆಯ ನಮಗೆ ಟಾರ್ಪಾಲು ಕೊಳ್ಳೋದಕ್ಕೆ ಒಂದೇ ಪರೀಕ್ಷೆ. ತುಮಕೂರಿನ ಮಂಡಿಪೇಟೆಗೆ ಹೋಗಿ, ಮಡಚಿಟ್ಟದ್ದನ್ನು ಎರಡೂ ಕೈಯಲ್ಲಿ ಎತ್ತಿ ನೋಡೋದು. ‘ಉಸ್ಸಪ್ಪಾ’ ಅನ್ನಿಸಿದರೆ ಒಳ್ಳೇ ಮಾಲು. ಸಲೀಸಾಗಿ ಎದ್ದು ಬಂತೋ, ಅಲ್ಲೇ ಇಟ್ಟು ಮುಂದಿನ ಅಂಗಡಿಗೆ ನಡೆಯೋದು.

ಹೀಗೆ ಬದುಕಿದವನಿಗೆ ಕೊಲರಾಡೊದಲ್ಲಿರುವ ಅಕ್ಕನ ಮಗ ಒಂದು ದಿನ ಫೋನ್ ಮಾಡಿದ. “ಮಾಮ, ಟಾರ್ಪಾಲು ತಗೋಬೇಕು. ಇಡೀ ಟಾರ್ಪಾಲು ತೂಗಿದರೆ 400 ಗ್ರಾಂ ಇರೋದು ಸಾಕಾ, 500 ಗ್ರಾಂದು ಬೇಕಾ?”

ಕಾಫಿಪುಡಿ ಕೇಳಿದ ಹಾಗೆ ಕೇಳ್ತಾನಲ್ಲ ಅಂದುಕೊಂಡೆ. ನನ್ನದು ರೈತ ಸಂಪರ್ಕ ಕೇಂದ್ರದಿಂದ ಸಬ್ಸಿಡಿಯಲ್ಲಿ ತಂದದ್ದು. 8 ಮೀಟರ್ ಉದ್ದ, 6 ಮೀಟರ್ ಅಗಲ, 250 ಜಿಎಸ್‌ಎಂ. ಅಂದರೆ ಒಂದು ಚದರ ಮೀಟರಿಗೆ 250 ಗ್ರಾಂ. ಗುಣಿಸಿ ನೋಡಿ, 12 ಕೆಜಿ. ಮನೆಯಿಂದ ಕಣದವರೆಗೆ ಹೊತ್ತರೆ ಕತ್ತು ಎರಡು ದಿನ ಒಂದೇ ಕಡೆ ನೋಡುತ್ತದೆ.

ಅವನ ಕಷ್ಟ ಬೇರೆ. ಸೆಪ್ಟೆಂಬರಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಬೆಟ್ಟದ ಕಾಡಿಗೆ ಎಲ್ಕ್ ಬೇಟೆಗೆ ಹೋಗುತ್ತಾನಂತೆ. ರಾತ್ರಿ ಮಲಗೋಕೆ ಟಾರ್ಪಾಲೇ ಸೂರು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಗಂಡು ಸುಮಾರು 300 ಕೆಜಿ ತೂಗುತ್ತದೆ. ಹೊಡೆದ ಮೇಲೆ ಮಾಂಸವನ್ನು ಬೆನ್ನ ಮೇಲೆ ಹೊತ್ತು ಮೂರ್ನಾಲ್ಕು ಸಲ ಓಡಾಡಿ ರಸ್ತೆಗೆ ತರಬೇಕು. ಹಾಗಾಗಿ ಹೋಗುವಾಗ ಒಂದೊಂದು ಗ್ರಾಮಿಗೂ ಲೆಕ್ಕ. ಹಲ್ಲುಜ್ಜೋ ಬ್ರಷ್ಷಿನ ಹಿಡಿಯನ್ನೇ ಅರ್ಧ ಕತ್ತರಿಸಿ ಬಿಸಾಡುವವರಿದ್ದಾರಂತೆ! ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಮಾತು ತಾತಂದಿರ ಬಾಯಲ್ಲಿ ಮಾತ್ರ. ನಮ್ಮ ಮೈದನಹಳ್ಳಿಯ ಕೃಷ್ಣಮೃಗಗಳನ್ನು ದೂರದಿಂದ ನೋಡಿ, ಮಂಡಕ್ಕಿ ತಿಂದು ಬರೋದಷ್ಟೇ ನಮ್ಮ ಶಿಕಾರಿ.

ಅವನ ಮುಂದೆ ಮೂರು ಬಟ್ಟೆ ಇದ್ದವು. ಸಿಲಿಕೋನ್ ಬಳಿದ ನೈಲಾನ್. ಗಟ್ಟಿ, ಆದರೆ ನೆನೆದರೆ ಹಿಗ್ಗಿ ಜೋಲು ಬೀಳುತ್ತದೆ. ಅದೇ ಸಿಲಿಕೋನ್ ಬಳಿದ ಪಾಲಿಯೆಸ್ಟರ್. ಅಷ್ಟು ಹಿಗ್ಗಲ್ಲ. ಮೂರನೇದು ಡೈನೀಮಾ ಅನ್ನೋ ಗಟ್ಟಿ ಪ್ಲಾಸ್ಟಿಕ್ ನಾರಿನ ಬಟ್ಟೆ. ಎಲ್ಲಕ್ಕಿಂತ ಹಗುರ, ಹಿಗ್ಗೋದೇ ಇಲ್ಲ. ಬೆಲೆ ಹೇಳಿದ. ಆ ದುಡ್ಡಿಗೆ ಇಲ್ಲಿ ಒಂದು ಕರು ಬರುತ್ತದೆ. ಕಡಿಮೆ ಮಾಲಿಗೆ ಜಾಸ್ತಿ ದುಡ್ಡು ಕೊಡುವ ವ್ಯಾಪಾರ ನನಗೆ ಇವತ್ತಿಗೂ ಹಿಡಿಸಿಲ್ಲ.

ಆದರೆ ‘ಜೋಲು’ ಅಂದನಲ್ಲ, ಅದರಲ್ಲಿ ನಾನು ಪಳಗಿದವನು. ಒಂದು ನವೆಂಬರ್ ರಾತ್ರಿ ಸೈಕ್ಲೋನ್ ಮಳೆ ಹಿಡಿಯಿತು. ರಾಗಿ ಮೆದೆ ಹಾಕಿ ಎರಡು ದಿನ ಆಗಿತ್ತು. ಮೆದೆಯ ತುದಿ ಚೂಪಾಗಿಸದೆ ಸೋಮಾರಿತನದಿಂದ ಚಪ್ಪಟೆ ಬಿಟ್ಟಿದ್ದೆ. ಟಾರ್ಪಾಲು ಎಳೆದು ಮಲಗಿದೆ. ನಡುರಾತ್ರಿ ಟಾರ್ಚ್ ಹಿಡಿದು ನೋಡಿದರೆ ನಡುವೆ ಎಮ್ಮೆ ಮಲಗುವಷ್ಟು ನೀರು. ಕೋಲಿನಿಂದ ಒಂದು ಅಂಚನ್ನು ಮೇಲಕ್ಕೆ ಎತ್ತಿದೆ. ಅಷ್ಟೂ ನೀರು ಗುಡುಗುಡು ಅಂತ ಇನ್ನೊಂದು ಕಡೆ ಇಳಿಯಿತು. ಆ ಕಡೆ ನನ್ನ ಹೆಂಡತಿ ಲಾಟೀನು ಹಿಡಿದು ನಿಂತಿದ್ದಳು. ಅವತ್ತು ಅವಳು ಅಂದದ್ದನ್ನು ಇಲ್ಲಿ ಬರೆಯಲಾರೆ.

“ಬಟ್ಟೆ ಯಾವುದಾದರೂ ಇರಲಿ ಕಣೋ, ನಡುವೆ ಬೆನ್ನು ಎದ್ದಿರಬೇಕು” ಅಂದೆ. ಎರಡು ಮರದ ನಡುವೆ ಹಗ್ಗ ಬಿಗಿದು ಇಳಿಜಾರಾಗಿ ಹಾಕು. ಗಾಳಿ ಬರೋ ಕಡೆ ಅಂಚು ನೆಲಕ್ಕೆ ತಾಗಲಿ. ತಗ್ಗಿನಲ್ಲಿ ಮಲಗಬೇಡ, ಹಳ್ಳದ ಪಕ್ಕವಂತೂ ಬೇಡವೇ ಬೇಡ. ಅಲ್ಲಿ ಮಲಗಿದರೆ ಬೆಳಗಾಗೋದರೊಳಗೆ ಇಬ್ಬನಿ ಟಾರ್ಪಾಲಿನ ಒಳಗಿಂದಲೇ ತೊಟ್ಟಿಕ್ಕುತ್ತದೆ. ಕೊನೆಗೆ ಎತ್ತು ಕಟ್ಟುವ ಜೀರುಗುಣಿಕೆಯನ್ನು ವಿಡಿಯೋ ಕಾಲಿನಲ್ಲಿ ಕಲಿಸಿದೆ. ಎಳೆದರೆ ಬಿಚ್ಚಬೇಕು, ಚಳಿಗೆ ಬೆರಳು ಸೆಟೆದಿದ್ದರೂ. ಮೂರು ಸಲ ತಪ್ಪಿದ. ಇಂಜಿನಿಯರ್, ಪಾಪ.

ಅವನು ಪಾಲಿಯೆಸ್ಟರೇ ತಗೊಂಡ. 10 ಅಡಿಗೆ 10 ಅಡಿ, ಹಗ್ಗ ಸೇರಿ ಅರ್ಧ ಕೆಜಿ. ಎಲ್ಕ್ ಸಿಗಲಿಲ್ಲ. ಐದು ದಿನ ಮಳೆಯಲ್ಲೂ ನೆನೆಯದೆ ಮಲಗಿ ಬಂದನಂತೆ.

ಯುಗಾದಿಗೆ ಊರಿಗೆ ಬಂದಾಗ ಆ ಟಾರ್ಪಾಲನ್ನು ನನ್ನ ಕೈಗಿಟ್ಟ. “ನಿಮಗೇ ಇರಲಿ ಮಾಮ, ನಾನು ಡೈನೀಮಾ ತಗೊಂಡೆ.” ಮಡಚಿದರೆ ಒಂದು ಸೇರಿನಲ್ಲಿ ಹಿಡಿಸುತ್ತದೆ. ಮುಟ್ಟಿದರೆ ರೇಷ್ಮೆ ಹಾಗೆ ಜಾರುತ್ತದೆ. ಮಂಡಿಪೇಟೆಯಲ್ಲಾಗಿದ್ದರೆ ನಾನು ಎರಡನೇ ಸಲ ಎತ್ತಿಯೂ ನೋಡುತ್ತಿರಲಿಲ್ಲ.

ಹೆಂಡತಿ ಅದನ್ನು ತಾರಸಿ ಮೇಲೆ ಹಾಸಿ ಹುಣಸೆಹಣ್ಣು ಒಣಗಿಸೋಕೆ ಹೋದಳು. ಹಣ್ಣು ಸುರಿಯುವ ಮೊದಲೇ ಒಂದು ಗಾಳಿ ಬೀಸಿತು. ಪಕ್ಕದ ಮನೆಯವರ ತೆಂಗಿನಮರದಿಂದ ಇಳಿಸಿಕೊಂಡು ಬರಬೇಕಾಯಿತು. ಈಗ ನಾಲ್ಕು ಮೂಲೆಗೂ ಒಂದೊಂದು ದಪ್ಪ ಕಲ್ಲು ಇಟ್ಟಿದ್ದಾಳೆ. ನಾಲ್ಕೂ ಸೇರಿ 12 ಕೆಜಿಗೆ ಕಮ್ಮಿ ಇಲ್ಲ.