ಸಕ್ಕರೆ ಮೈಲಿಗೆ, ಬೆಲ್ಲ ಮಡಿ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿದ ಮೇಲೆ ನಮ್ಮ ನೆಂಟರಲ್ಲಿ ಅರ್ಧ ಜನ ನನ್ನ ಹತ್ತಿರ ಮಾತು ಬಿಡಬಹುದು. ಉಳಿದರ್ಧ ಜನ ಹೇಗೂ ಫಾಸ್ಟಿಂಗ್‌ನಲ್ಲಿ ಇದ್ದಾರೆ, ಮಧ್ಯಾಹ್ನದ ತನಕ ಅವರಿಗೆ ಮಾತಾಡಲು ತ್ರಾಣವೇ ಇರುವುದಿಲ್ಲ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಉಡುಪಿ, ಮಂಗಳೂರು ಕಡೆ ಹಳೆ ಮಡಿ ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಎಲ್ಲಿಗೂ ಹೋಗಿಲ್ಲ. ಒದ್ದೆ ಪಂಚೆ ಬಿಚ್ಚಿಟ್ಟು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಿದೆ, ಕೈಗೆ ಸ್ಮಾರ್ಟ್ ವಾಚ್ ಕಟ್ಟಿಕೊಂಡಿದೆ, ಡಯಟ್ ಎಂದು ಹೇಳಿಕೊಂಡು ಎಲ್ಲರ ಮನೆಯ ಅಡುಗೆ ಕೋಣೆಗೂ ನುಗ್ಗುತ್ತಿದೆ.

ಹಳೆ ಮಡಿಯಲ್ಲಿ ಅನ್ಯಾಯಗಳು ಬೇಕಾದಷ್ಟು ಇದ್ದವು, ಅದು ಬೇರೆಯೇ ಮಾತು. ಆದರೆ ಮಡಿಯಲ್ಲಿದ್ದವರು ದೂರ ಕೂತು ಉಣ್ಣುತ್ತಿದ್ದರು. ನೀವು ಎಷ್ಟು ಹೋಳಿಗೆ ತಿಂದಿರಿ ಎಂದು ಎಣಿಸಲು ಬರುತ್ತಿರಲಿಲ್ಲ. ಹೊಸ ಮಡಿಯವರು ನಿಮ್ಮ ಪಕ್ಕದಲ್ಲೇ ಕೂರುತ್ತಾರೆ. ಮದುವೆ ಹಾಲ್‌ನಲ್ಲಿ ಬಾಳೆಲೆ ಮುಂದೆ ಕೂತರೆ ಎಡಗಡೆಯವರಿಗೆ ಅನ್ನ ಆಗುವುದಿಲ್ಲ, ಬಲಗಡೆಯವರಿಗೆ ಬಟಾಟೆ ಆಗುವುದಿಲ್ಲ, ಎದುರಿನ ಸಾಲಿನಲ್ಲಿ ಒಬ್ಬರು ಬಿಪಿ ಎಂದು ಉಪ್ಪು ಬಿಟ್ಟಿದ್ದಾರೆ, ಆದರೆ ಉಪ್ಪಿನಕಾಯಿ ಬಿಟ್ಟಿಲ್ಲ. ಬಡಿಸುವ ಹುಡುಗ ಲಾಡು ತಂದಾಗ "ಶುಗರ್ ಉಂಟು, ಬೇಡ ಬೇಡ" ಎಂದು ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿಯುವ ದೊಡ್ಡಪ್ಪ, ಅವನ ಹಿಂದೆಯೇ ಪಾಯಸದ ಬಕೆಟ್ ಬಂದಾಗ ತಲೆ ಎತ್ತಿ ಒಂದೇ ಪ್ರಶ್ನೆ ಕೇಳುತ್ತಾರೆ: "ಬೆಲ್ಲದ್ದಾ?"

ಹೌದು ಎಂದರೆ ಮುಗಿಯಿತು. ಎರಡು ಸೌಟು. ಮೂರನೆಯದನ್ನು ಹುಡುಗ ತಾನಾಗಿ ಹಾಕುತ್ತಾನೆ, ದೊಡ್ಡಪ್ಪ ತಡೆಯುವುದಿಲ್ಲ. ಬೆಲ್ಲವೂ ಅದೇ ಕಬ್ಬಿನದ್ದು, ಅದರಲ್ಲೂ ಬಹುಪಾಲು ಇರುವುದು ಸುಕ್ರೋಸ್ ಎಂಬ ಅದೇ ಸಕ್ಕರೆ, ಜೊತೆಗೆ ಒಂದಿಷ್ಟು ಕಬ್ಬಿಣ-ಗಿಬ್ಬಿಣ ಇದ್ದೀತು, ಆದರೆ ಅದಕ್ಕಾಗಿ ರಕ್ತದಲ್ಲಿ ಶುಗರ್ ಏರದೆ ಇರುವುದಿಲ್ಲ ಎಂದು ನಾನು ಹೇಳಹೊರಟರೆ ಅವರ ಹತ್ತಿರ ಉತ್ತರ ರೆಡಿ ಉಂಟು. "ನಿನಗೆಂತ ಗೊತ್ತು ಮಾರಾಯ, ಬೆಲ್ಲ ನ್ಯಾಚುರಲ್." ಬೆಲ್ಲಕ್ಕೆ ಜನಿವಾರ ಹಾಕಿದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ. ಆದರೆ ಸಕ್ಕರೆಗೆ ಈಗ ಹಿತ್ತಿಲ ಬಾಗಿಲು ಮಾತ್ರ.

ಇದು ಡಾಕ್ಟರುಗಳಿಗೆ ಬರಗಾಲ ಇರುವ ಊರಾಗಿದ್ದರೆ ಸುಮ್ನೆ ಇರಬಹುದಿತ್ತು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರು ಮಾಡಿದರು. ಆಮೇಲೆ ಮಂಗಳೂರಿನಲ್ಲಿ ಒಂದಾದ ಮೇಲೊಂದು ಬಂದವು. ಈಗ ಕಂಕನಾಡಿಯಿಂದ ದೇರಳಕಟ್ಟೆ ತನಕ ಬಸ್ಸಿನಲ್ಲಿ ಹೋದರೆ ಕಿಟಕಿಯಿಂದ ಕಾಣುವುದೇ ಆಸ್ಪತ್ರೆಗಳು. ಇಷ್ಟಿದ್ದೂ ನಮಗೆ ಆರೋಗ್ಯದ ಸಲಹೆ ಕೊಡುವವರು ಯಾರು? ರಿಟೈರ್ಡ್ ಬ್ಯಾಂಕ್ ಮ್ಯಾನೇಜರುಗಳು. ಇದು ಬ್ಯಾಂಕುಗಳ ತವರೂ ಹೌದಲ್ವಾ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋದವು. ಹೆಮ್ಮೆ ಪಡಲು ಬ್ಯಾಂಕೇ ಇಲ್ಲದ ಮಾವಂದಿರೆಲ್ಲ ಈಗ ಕ್ಯಾಲೊರಿ ಟ್ಯಾಲಿ ಮಾಡುತ್ತಿದ್ದಾರೆ. ಒಂದು ಪ್ಲೇಟ್ ಗೋಳಿಬಜೆಗೆ ಇಷ್ಟು ಡೆಬಿಟ್, ಕದ್ರಿ ಪಾರ್ಕಿನ ಎರಡು ಸುತ್ತಿಗೆ ಇಷ್ಟು ಕ್ರೆಡಿಟ್. ಡಾಕ್ಟರು ಬರೆದ ಮಾತ್ರೆಯನ್ನೂ ಇವರ ಹತ್ತಿರ ಸ್ಯಾಂಕ್ಷನ್ ಮಾಡಿಸಿಯೇ ನುಂಗಬೇಕು. "ಕೊಲೆಸ್ಟ್ರಾಲ್ ಮಾತ್ರೆ ಯಾಕೆ, ಬೆಳಿಗ್ಗೆ ಒಂದೆಸಳು ಬೆಳ್ಳುಳ್ಳಿ ಸಾಕು" ಎಂದು ಹೇಳಿ, ತಮ್ಮ ಕೊಲೆಸ್ಟ್ರಾಲ್ ಮಾತ್ರೆಯನ್ನು ಸದ್ದಿಲ್ಲದೆ ಒಳಗೆ ಹೋಗಿ ನುಂಗಿ ಬರುವವರೂ ಇದ್ದಾರೆ.

ಉಪವಾಸದ ವಿಷಯಕ್ಕೆ ಬರೋಣ. ಉಡುಪಿಗೆ ಉಪವಾಸವನ್ನು ಹೊರಗಿನಿಂದ ಯಾರೂ ತರಬೇಕಾಗಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಏಕಾದಶಿ. ಮಳೆಗಾಲದಲ್ಲಿ ಚಾತುರ್ಮಾಸ್ಯ ಶುರುವಾದರೆ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಅದರ ಮುಂದಿನದ್ದರಲ್ಲಿ ಹಾಲಿಲ್ಲ, ಕೊನೆಯ ತಿಂಗಳು ಬೇಳೆಕಾಳು ಇಲ್ಲ. ಮಾಡುವವರು ಪುಣ್ಯಕ್ಕೆ ಮಾಡುತ್ತಿದ್ದರು, ವ್ರತ ಮುಗಿದ ಮೇಲೆ ಯಾರೂ ಟೇಪ್ ತಂದು ಸೊಂಟ ಅಳೆಯುತ್ತಿರಲಿಲ್ಲ. ಈಗ ಅದೇ ಮನೆಯ ಮೊಮ್ಮಗ, ಅಜ್ಜಿ ಏಕಾದಶಿ ಮಾಡಿದರೆ "ಗ್ಯಾಸ್ಟ್ರಿಕ್ ಆಗ್ತದೆ ಅಜ್ಜಿ, ಇದೆಲ್ಲ ಮೂಢನಂಬಿಕೆ" ಎನ್ನುತ್ತಾನೆ. ತಾನು ಮಾತ್ರ ದಿನಾ ಹದಿನಾರು ಗಂಟೆ ಹಸಿದು ಕೂರುತ್ತಾನೆ, ಹಸಿದದ್ದನ್ನು ಲೆಕ್ಕ ಇಡಲು ಒಂದು ಆ್ಯಪ್‌ಗೆ ತಿಂಗಳ ಚಂದಾ ಕಟ್ಟುತ್ತಾನೆ. ಅಜ್ಜಿಗೆ ಪುಕ್ಕಟೆ ಸಿಗುತ್ತಿದ್ದ ಹಸಿವಿಗೆ ದುಡ್ಡು ಕೊಟ್ಟವನು ಪ್ರಗತಿಪರ.

ಇದಕ್ಕೊಂದು ವಾಟ್ಸಾಪ್ ಪುರಾಣವೂ ಉಂಟು. "ಏಕಾದಶಿಯ ಮಹಿಮೆ ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್! ನಮ್ಮ ಋಷಿಮುನಿಗಳಿಗೆ ಇದು ಆಗಲೇ ಗೊತ್ತಿತ್ತು!" ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಜ್ಞಾನಿ ನಿಜ. ಯೊಶಿನೊರಿ ಒಸುಮಿ, 2016ರ ವೈದ್ಯಕೀಯ ನೊಬೆಲ್. ಜೀವಕೋಶ ತನ್ನೊಳಗಿನ ಹಳೆ ಸಾಮಾನನ್ನು ತಾನೇ ಒಡೆದು ಮತ್ತೆ ಬಳಸಿಕೊಳ್ಳುವುದಕ್ಕೆ ಆಟೊಫೇಜಿ ಎನ್ನುತ್ತಾರೆ, ಅದು ಹೇಗೆ ನಡೆಯುತ್ತದೆ ಎಂದು ತೋರಿಸಿದ್ದಕ್ಕೆ ಸಿಕ್ಕಿದ ಬಹುಮಾನ ಅದು. ಆದರೆ ಅದಕ್ಕಾಗಿ ಅವರು ಉಪವಾಸ ಕೆಡವಿದ್ದು ಯಾರನ್ನು? ಯೀಸ್ಟನ್ನು. ಬೇಕರಿಯಲ್ಲಿ ಬ್ರೆಡ್ ಉಬ್ಬಿಸಲು ಹಾಕುತ್ತಾರಲ್ಲ, ಆ ಯೀಸ್ಟ್. ಆ ಬಡಪಾಯಿ ಯೀಸ್ಟಿಗೆ ಯಾರೂ ಬೆಳಿಗ್ಗೆ ಕಾಫಿ, ಮಧ್ಯಾಹ್ನ ಫಲಾಹಾರ ಎಂದು ಸಜ್ಜಿಗೆ, ಮೊಸರವಲಕ್ಕಿ, ಎರಡು ಬಾಳೆಹಣ್ಣು, ರಾತ್ರಿ ಒಂದು ದೊಡ್ಡ ಲೋಟ ಹಾಲು ಕೊಟ್ಟಿರಲಿಲ್ಲ. ಇದನ್ನು ಗ್ರೂಪಿನಲ್ಲಿ ಬರೆದು ನೋಡಿ. ಅಡ್ಮಿನ್ ನಿಮ್ಮನ್ನು ತೆಗೆದು ಹಾಕುತ್ತಾರೆ. ಏಕಾದಶಿ ದಿನ ಬರೆದರಂತೂ ಬೇಗ ತೆಗೆಯುತ್ತಾರೆ, ಹಸಿದ ಸಿಟ್ಟು ಬೇರೆ.

ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೊಟೀನ್ ಇತ್ತೀಚಿನ ಮೈಲಿಗೆ. ಸಿಲಿಯಾಕ್ ಕಾಯಿಲೆ ಇದ್ದವರಿಗೆ ಗೋಧಿ ನಿಜವಾಗಿಯೂ ಆಗುವುದಿಲ್ಲ, ಅವರ ಕಷ್ಟ ತಮಾಷೆಯದ್ದಲ್ಲ. ನಾನು ಹೇಳುವುದು ಉಳಿದವರ ಬಗ್ಗೆ. ನೀರುದೋಸೆ, ಕಡುಬು, ಒತ್ತುಶ್ಯಾವಿಗೆ, ಪತ್ರೊಡೆ, ಕೋರಿರೊಟ್ಟಿ, ಗಂಜಿ ಹೀಗೆ ಮೂರು ಹೊತ್ತೂ ಅಕ್ಕಿಯನ್ನೇ ನಾನಾ ವೇಷದಲ್ಲಿ ತಿನ್ನುವ ಊರಿನಲ್ಲಿ ಅಕ್ಕಿ ಪ್ಯಾಕೆಟ್ ಮೇಲೆ 'ಗ್ಲುಟನ್ ಫ್ರೀ' ಎಂದು ಬರೆದು ಮಾರುತ್ತಾರೆ, ನಾವು ನಾಲ್ಕು ಕಾಸು ಜಾಸ್ತಿ ಕೊಟ್ಟು ತರುತ್ತೇವೆ. ಅಕ್ಕಿಯಲ್ಲಿ ಗ್ಲುಟನ್ ಯಾವತ್ತು ಇತ್ತು ಮಾರಾಯ್ರೇ? ಹಾಗಾದರೆ ಎಳನೀರಿನ ಬೊಂಡದ ಮೇಲೆ 'ಮುಳ್ಳು ತೆಗೆದದ್ದು' ಎಂದೂ ಬರೆಯಲಿ. ಗ್ಲುಟನ್ ಬಿಟ್ಟ ನಮ್ಮ ಅತ್ತೆಯೊಬ್ಬರು ಚಪಾತಿ ಬಿಟ್ಟರು, ಬಿಸ್ಕತ್ತು ಬಿಟ್ಟರು, ಬಹಳ ಸಂಕಟದಿಂದ ಬನ್ಸ್ ಕೂಡ ಬಿಟ್ಟರು. ಆದರೆ ಸಾರಿಗೆ ಚಿಟಿಕೆ ಇಂಗು ಬೇಕೇ ಬೇಕು. ಅಂಗಡಿಯಲ್ಲಿ ಸಿಗುವ ಇಂಗಿನ ಡಬ್ಬ ತಿರುಗಿಸಿ ಓದಿ, ಹೆಚ್ಚಿನವುಗಳಲ್ಲಿ ಗೋಧಿ ಹಿಟ್ಟೋ ಮೈದಾವೋ ಇರುತ್ತದೆ. ಅತ್ತೆಗೆ ಓದಿ ಹೇಳಿದ್ದೂ ಆಯಿತು. "ಇಂಗು ಔಷಧಿ, ಅದು ಲೆಕ್ಕಕ್ಕಿಲ್ಲ" ಎಂದರು. ಮಡಿಯಲ್ಲಿ ಇಂಥ ವಿನಾಯಿತಿಗಳು ಯಾವತ್ತೂ ಇದ್ದವು, ಸಂಪ್ರದಾಯ ಮುಂದುವರಿಯಿತು ಅಷ್ಟೆ.

ಪಾಪ, ಕುಚ್ಚಲಕ್ಕಿಗೆ ಮಾತ್ರ ಮರ್ಯಾದೆ ಇಲ್ಲ. ಅನ್ನ ತಿಂದರೆ ಹೊಟ್ಟೆ ಬರುತ್ತದೆ ಎಂದು 2023ರ ಸಿರಿಧಾನ್ಯ ವರ್ಷದಲ್ಲಿ ಎಲ್ಲರ ಮನೆಗೂ ನವಣೆ, ಸಾಮೆ ಬಂದವು. ಒಳ್ಳೆಯ ಧಾನ್ಯಗಳೇ, ನನ್ನ ತಕರಾರಿಲ್ಲ. ಆದರೆ ಕುಚ್ಚಲಕ್ಕಿಯನ್ನು ಕಂಡು ಮೂಗು ಮುರಿಯುವವರಿಗೆ ಒಂದು ಕಥೆ ಹೇಳಬೇಕು. 1905ರ ಸುಮಾರಿಗೆ ಕ್ವಾಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ಡಾಕ್ಟರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ, ಇನ್ನೊಂದಕ್ಕೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ ಹಾಕಿದರು. ಬೆರಿಬೆರಿ ಎಂಬ ಕಾಯಿಲೆ ಹಿಡಿದದ್ದು ಬೆಳ್ತಿಗೆಯವರಿಗೆ. ತೌಡಿನಲ್ಲಿರುವ ಬಿ-1 ವಿಟಮಿನ್ ಭತ್ತ ಬೇಯುವಾಗ ಕಾಳಿನೊಳಗೆ ಇಳಿಯುತ್ತದೆ, ಕಾರಣ ಅಷ್ಟೇ. ಹಾಗೆಂದು ಕುಚ್ಚಲಕ್ಕಿ ಅಮೃತ ಎಂದು ನಾನು ಫಾರ್ವರ್ಡ್ ಮಾಡುತ್ತಿಲ್ಲ. ಗುಡ್ಡೆ ಹಾಕಿಕೊಂಡು ಉಂಡರೆ ಅದರಿಂದಲೂ ಹೊಟ್ಟೆ ಬರುತ್ತದೆ. ನವಣೆಯನ್ನು ಗುಡ್ಡೆ ಹಾಕಿಕೊಂಡರೂ ಬರುತ್ತದೆ. ಸಮಸ್ಯೆ ಗುಡ್ಡೆಯದ್ದು, ಆದರೆ ಗುಡ್ಡೆಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ತೆಂಗಿನೆಣ್ಣೆಯ ಗ್ರಹಚಾರ ಬೇರೆಯೇ. ಒಮ್ಮೆ ಹೃದಯಕ್ಕೆ ಕೆಟ್ಟದು ಎಂದು ಅಡುಗೆ ಕೋಣೆಯಿಂದ ಹೊರಗೆ, ತಲೆಗೆ ಮಾತ್ರ. ಆಮೇಲೆ ಸೂಪರ್‌ಫುಡ್ ಎಂದು ಗಾಜಿನ ಬಾಟಲಿಯಲ್ಲಿ ಒಳಗೆ. 2018ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕಿಯೊಬ್ಬರು ಜರ್ಮನಿಯ ಭಾಷಣವೊಂದರಲ್ಲಿ ಅದನ್ನು ಶುದ್ಧ ವಿಷ ಎಂದಾಗ ನಮ್ಮ ತೆಂಗಿನಮರಗಳಿಗಿಂತ ಎತ್ತರಕ್ಕೆ ನಮ್ಮ ಸಿಟ್ಟು ಏರಿತು. ಅದರ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 82 ಭಾಗ ಸ್ಯಾಚುರೇಟೆಡ್, ಅಂದರೆ ಕೊಲೆಸ್ಟ್ರಾಲ್ ಏರಿಸುವ ಬಗೆಯದ್ದು, ಬೆಣ್ಣೆಗಿಂತಲೂ ಜಾಸ್ತಿ. ವಿಷವೂ ಅಲ್ಲ, ತೀರ್ಥವೂ ಅಲ್ಲ, ಎಣ್ಣೆ. ಒಗ್ಗರಣೆಗೆ ಎಷ್ಟು ಬೇಕೋ ಅಷ್ಟು ಹಾಕಿ. ಕಾಫಿಗೆ ಹಾಕಬೇಡಿ, ದಮ್ಮಯ್ಯ.

ಮೀನು ತಿನ್ನುವವರು ನಗಬೇಡಿ, ನಿಮ್ಮಲ್ಲೂ ಪಂಕ್ತಿಭೇದ ಉಂಟು. ನೆಂಟರು ಬಂದರೆ ಅಂಜಲ್, ಕಾಣೆ. ಬೂತಾಯಿ ಬಡವರ ಮೀನು, ಮನೆಯವರಿಗೆ ಮಾತ್ರ, ಅದೂ ಬಾಗಿಲು ಹಾಕಿಕೊಂಡು. ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಧಾರಾಳವಾಗಿ ಇರುವುದು ಈ ಬೂತಾಯಿ, ಬಂಗುಡೆಗಳಲ್ಲೇ. ಆದರೆ ಮಲ್ಪೆ, ಉಳ್ಳಾಲ ಕಡೆ ರಾಶಿ ಬೂತಾಯಿ ಲಾರಿ ಹತ್ತಿ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ, ಸಾಕಿದ ಸಿಗಡಿಗಳಿಗೆ ಆಹಾರವಾಗಲು. ನಾವು ಆನ್‌ಲೈನ್‌ನಲ್ಲಿ ಮೀನೆಣ್ಣೆ ಕ್ಯಾಪ್ಸೂಲ್ ತರಿಸುತ್ತೇವೆ. 'ಮೀನಿನ ವಾಸನೆ ಇಲ್ಲ' ಎನ್ನುವುದು ಅದರ ದೊಡ್ಡ ಹೆಗ್ಗಳಿಕೆ. ಪುಳಿಮುಂಚಿ ಮಾಡಿ ಮೀನಿನ ವಾಸನೆಗೇ ಉಣ್ಣುವ ಜನ ನಾವು!

ಇನ್ನು ಜಿಮ್. ತಿಂಗಳಿಗೆ ಸಾವಿರಗಟ್ಟಲೆ ಸುರಿದು ಪ್ರೊಟೀನ್ ಪೌಡರ್ ಡಬ್ಬ ತರುವ ಹುಡುಗರಿಗೆ ಹುರುಳಿ ಸಾರು ಬಡಿಸಿದರೆ ಮುಖ ಸಿಂಡರಿಸುತ್ತಾರೆ. "ಅದು ಕೋಣಗಳಿಗೆ ಹಾಕುವುದು." ಹೌದಪ್ಪಾ, ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿಯೇ ಹಾಕುತ್ತಾರೆ. ಆ ಕೋಣಗಳನ್ನು ಒಮ್ಮೆ ನೋಡು, ನಿನ್ನನ್ನು ಒಮ್ಮೆ ಕನ್ನಡಿಯಲ್ಲಿ ನೋಡು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೊಟೀನ್ ಪೌಡರ್ ಬೇಡ ಎಂದೇ ಹೇಳಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ, ಅದರಲ್ಲಿ ಋಷಿಮುನಿಗಳೂ ಇರಲಿಲ್ಲ, ಡಿಸ್ಕೌಂಟ್ ಕೋಡ್ ಕೂಡ ಇರಲಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೆಸರಿನ ಗದ್ದೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಉಸೇನ್ ಬೋಲ್ಟ್ ಲೆಕ್ಕ ಹಾಕಲು ಕೂತಿತು, ಕೇಂದ್ರ ಕ್ರೀಡಾ ಮಂತ್ರಿಗಳು ಟ್ರಯಲ್ಸ್‌ಗೆ ಕರೆದರು. ಕಟ್ಟಡದ ಕೆಲಸ ಮಾಡುತ್ತಿದ್ದ ಮನುಷ್ಯ ಬರಿಗಾಲಲ್ಲಿ ಓಡಿದ್ದು ನಮ್ಮ ಜಿಮ್ ಹುಡುಗರಿಗೂ ಭಾರೀ ಸ್ಫೂರ್ತಿ ಕೊಟ್ಟಿತು. ಹೊಸ ಶೂ ತಗೊಂಡರು.

ನಡೆಯುವುದರಲ್ಲೂ ಮಡಿ ಬಂದಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಒಂದು ಕಡಿಮೆಯಾದರೂ ವ್ರತಭಂಗ. ಈ ಸಂಖ್ಯೆ ಯಾವ ಶಾಸ್ತ್ರದಲ್ಲಿ ಬಂತು ಎಂದರೆ, ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಲ್ಲಿ ಬಂತು. ಮತ್ತೆ ಜಪಾನ್! 2019ರಲ್ಲಿ ಹಾರ್ವರ್ಡ್‌ನವರು ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿ ನೋಡಿದಾಗ, 4,400 ಹೆಜ್ಜೆಗೇ ಸಾವಿನ ಪ್ರಮಾಣದಲ್ಲಿ ಸಾಕಷ್ಟು ಇಳಿಕೆ ಕಂಡಿತು, 7,500 ದಾಟಿದ ಮೇಲೆ ಹೇಳುವಂಥ ಲಾಭ ಹೆಚ್ಚಲಿಲ್ಲ. ಮ್ಯಾನೇಜರ್ ಮಾವ ಇದನ್ನು ಒಪ್ಪುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಊಟದ ಮೇಜಿನ ಸುತ್ತ ತಿರುಗುತ್ತಾರೆ. ಸುಸ್ತಾದರೆ ವಾಚನ್ನು ಮೊಮ್ಮಗನ ಕೈಗೆ ಕಟ್ಟಿ "ಓಡು" ಎನ್ನುತ್ತಾರೆ. ಲೆಕ್ಕ ಸರಿ ಹೋದರೆ ಸಾಕು, ಯಾರ ಕಾಲಾದರೇನು.

ಹಗಲು ರಸ್ತೆಯಲ್ಲಿ ನಡೆಯಬಹುದಲ್ವಾ ಎಂದು ಕೇಳಬೇಡಿ. ರಸ್ತೆಯಲ್ಲಿ ನಡೆಯುವುದಕ್ಕೆ ಫುಟ್‌ಪಾತ್ ಬೇಕು. ಫುಟ್‌ಪಾತ್ ಉಂಟು, ಅದರ ಮೇಲೆ ಬೈಕ್ ಉಂಟು, ಟ್ರಾನ್ಸ್‌ಫಾರ್ಮರ್ ಉಂಟು, ನಡುವೆ ಚರಂಡಿಯ ಚಪ್ಪಡಿಯೊಂದು ಇಲ್ಲ. ಮಳೆಗಾಲದಲ್ಲಿ ಇಲ್ಲದ ಚಪ್ಪಡಿ ಎಲ್ಲಿ ಎಂದು ಕಾಲಿಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ. ಹಾಗಾಗಿ ಮಂಗಳೂರಿನವರು ಕಾರು ತೆಗೆದು ಕದ್ರಿ ಪಾರ್ಕಿಗೆ ಹೋಗುತ್ತಾರೆ, ಮಣಿಪಾಲದವರು ಕಾರು ತೆಗೆದು ಮಣ್ಣಪಳ್ಳಕ್ಕೆ ಹೋಗುತ್ತಾರೆ. ಅಲ್ಲಿ ನಡೆದು, ಕಾರಿನಲ್ಲೇ ವಾಪಸ್ ಬರುತ್ತಾರೆ. ಹಾಲು ತರಲು ಮೂಲೆ ಅಂಗಡಿಗೆ ಸ್ಕೂಟರ್. ಅದು ವಾಕಿಂಗ್ ಅಲ್ಲ, ಕೆಲಸ. ಕೆಲಸಕ್ಕೆ ನಡೆದರೆ ಜನ ಏನೆಂದುಕೊಂಡಾರು?

ಇದಕ್ಕೆ ಪರಿಹಾರವಾಗಿ ಆಗಾಗ ಭಾನುವಾರ ವಾಕಥಾನ್ ನಡೆಯುತ್ತದೆ. ಬ್ಯಾನರ್, ಟೀ ಶರ್ಟ್, ಹೃದಯದ ಚಿತ್ರ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಡವಾಗಿ ಬಂದು, ನಡಿಗೆಯ ಮಹತ್ವ ಹೇಳಿ, ಬಾವುಟ ಬೀಸಿ, ಬಾಗಿಲು ತೆರೆದೇ ನಿಂತಿದ್ದ ಕಾರು ಹತ್ತಿ ಹೋಗುತ್ತಾರೆ. ಉಳಿದವರು ಒಂದು ಸುತ್ತು ನಡೆದು ಬನ್ಸ್, ಬಿಸ್ಕುಟ್ ರೊಟ್ಟಿಯ ಕ್ಯೂಗೆ ಬರುತ್ತಾರೆ, ಕೊನೆಯ ನೂರು ಮೀಟರ್ ಮಾತ್ರ ಓಡಿಕೊಂಡು. ಮೊನ್ನೆ ಅಂಥದ್ದೇ ಒಂದರ ಪೋಸ್ಟರ್ ನೋಡಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ನಡಿಗೆಯಲ್ಲಿ ಭಾಗವಹಿಸುವವರಿಗೆ ವಿಶಾಲವಾದ ಪಾರ್ಕಿಂಗ್ ವ್ಯವಸ್ಥೆ ಮಾಡಲಾಗಿದೆ.