ಕಪ್ಪೆ ‘ಬಿಡಿ’ ಎಂದಿತು, ನಾವು ಗಟ್ಟಿಮೇಳ ಬಾರಿಸಿದೆವು

ಮುಂಗಾರು ನಾಲ್ಕು ದಿನ ತಡವಾದರೆ ಸಾಕು, ನಮ್ಮಲ್ಲಿ ಕಪ್ಪೆಗಳಿಗೆ ಕಂಕಣಬಲ ಕೂಡಿಬರುತ್ತದೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ವರುಣ ಮತ್ತು ವರ್ಷಾ ಎಂಬ ಕಪ್ಪೆಗಳಿಗೆ ಶಾಸ್ತ್ರೋಕ್ತವಾಗಿ ಮದುವೆಯಾಯಿತು. ಉದ್ದೇಶ ಮಳೆ.

ಮಳೆ ಬಂದು ನೀರು ನಿಂತರೆ ಕಪ್ಪೆ ಕೂಗುತ್ತದೆ, ಜೊತೆಯಾಗುತ್ತದೆ, ಮೊಟ್ಟೆಯಿಡುತ್ತದೆ. ಇದನ್ನು ತಲೆಕೆಳಗು ಮಾಡಿ, ಕಪ್ಪೆಗಳನ್ನು ಜೊತೆ ಮಾಡಿದರೆ ಮಳೆ ಬರುತ್ತದೆ ಎನ್ನುವುದಾದರೆ, ಛತ್ರಿ ಬಿಚ್ಚಿದರೂ ಬರಬೇಕಲ್ಲ? ಛತ್ರಿಗೆ ಬಾಸಿಂಗ ಕಟ್ಟಿದರೆ ಫೋಟೊ ಚೆನ್ನಾಗಿ ಬರುವುದಿಲ್ಲ, ಅಷ್ಟೇ ತೊಡಕು.

ಕಪ್ಪೆಗಳಲ್ಲಿ ನಡೆಯುವುದು ಸ್ವಯಂವರ. ಕೂಗುವುದು ಬಹುಮಟ್ಟಿಗೆ ಗಂಡು, ಆರಿಸುವುದು ಹೆಣ್ಣು. ಮೊದಲ ಮಳೆಗೆ ಗಂಡು ಗೂಳಿಕಪ್ಪೆಯನ್ನು ನೋಡಬೇಕು: ಮೈಯೆಲ್ಲ ನಿಂಬೆಹಳದಿ, ಗಂಟಲ ಎರಡೂ ಬದಿಯಲ್ಲಿ ಕಡುನೀಲಿ ಚೀಲ. ಅರಿಸಿನದ ಶಾಸ್ತ್ರವನ್ನು ತಾನೇ ಮುಗಿಸಿಕೊಂಡು ಬಂದ ವರ! ಬಾಯಿ, ಮೂಗು ಮುಚ್ಚಿಕೊಂಡು ಶ್ವಾಸಕೋಶದ ಗಾಳಿಯನ್ನು ಧ್ವನಿಪೆಟ್ಟಿಗೆಯ ಮೂಲಕ ಚೀಲಕ್ಕೆ ನೂಕುತ್ತದೆ. ಅದೇ ಗಾಳಿಯನ್ನು ಹಿಂದಕ್ಕೆಳೆದು ಮತ್ತೆ ಕೂಗುತ್ತದೆ. ಬಾಯಿ ತೆರೆಯದೆ ಊರಿಗೆಲ್ಲ ಕೇಳಿಸುವ ಈ ವಿದ್ಯೆ, ಬಾಯಿ ತೆರೆದೂ ಏನನ್ನೂ ಹೇಳದ ನಮ್ಮ ಭಾಷಣಕಾರರಿಗೆ ಇನ್ನೂ ಒಲಿದಿಲ್ಲ. ಕೂಗಿಗೆ ತಗಲುವ ಶಕ್ತಿಯೂ ಅಪಾರ. ಕೆಲವು ಗಂಡುಗಳು ಅದಕ್ಕೇ ಕೂಗುವವನ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತು, ಅವನ ದನಿಗೆ ಒಲಿದು ಬಂದ ಹೆಣ್ಣನ್ನು ದಾರಿಯಲ್ಲೇ ಅಡ್ಡಗಟ್ಟುತ್ತವೆ. (ಇವರನ್ನು ಕಚೇರಿಗಳಲ್ಲಿಯೂ ಕಾಣಬಹುದು.)

ಒಂದೊಂದು ಪ್ರಭೇದಕ್ಕೂ ಬೇರೆ ಕೂಗು; ಹೆಣ್ಣು ತನ್ನವರನ್ನು ಗುರುತಿಸುವುದು ಅದರಿಂದಲೇ. ನಮ್ಮ ಮಂಟಪದಲ್ಲಿ ವರ ಕೂಗುವಂತಿಲ್ಲ, ವಧು ಆರಿಸುವಂತಿಲ್ಲ. ಲಗ್ನ ನೋಡುವವರು ಎರಡೂ ಒಂದೇ ಪ್ರಭೇದದವೇ ಎಂದು ಅಷ್ಟೇ ಶ್ರದ್ಧೆಯಿಂದ ನೋಡುತ್ತಾರೆಯೇ?

ಇನ್ನು ಒಪ್ಪಿಗೆಯ ಪ್ರಶ್ನೆ. ಕತ್ತಲಲ್ಲಿ ಒಂದು ಗಂಡು ತಪ್ಪಿ ಇನ್ನೊಂದು ಗಂಡನ್ನು ಅಪ್ಪಿಕೊಂಡರೆ, ಸಿಕ್ಕಿಬಿದ್ದದ್ದು ಚುಟುಕಾಗಿ ‘ವಟ್, ವಟ್’ ಎನ್ನುತ್ತದೆ. ನಾನು ಹೆಣ್ಣಲ್ಲ, ಬಿಡು ಮಾರಾಯ ಎಂದರ್ಥ. ಮುಂಗಾಲುಗಳ ಹಿಂದೆ ಬೆರಳಿನಿಂದ ಹಿಡಿದರೂ ಎಷ್ಟೋ ಕಪ್ಪೆಗಳು ಹೀಗೆಯೇ ಅರಚುತ್ತವೆ. ಮಂಟಪದಲ್ಲಿ ವರನನ್ನು ಹಿಡಿದು ಕೂರಿಸಿದಾಗ ಬಂದ ದನಿಯೂ ಇಂಥದ್ದೇ ಇರಬಹುದು; ಗಟ್ಟಿಮೇಳದ ಅಬ್ಬರದಲ್ಲಿ ಯಾರಿಗೆ ಕೇಳಬೇಕು?

ಭೋಪಾಲದವರು ಒಂದು ಹೆಜ್ಜೆ ಮುಂದೆ ಹೋದರು. 2019ರ ಜುಲೈನಲ್ಲಿ ಮದುವೆ ಮಾಡಿಸಿ, ಮಳೆ ವಿಪರೀತವಾಯಿತೆಂದು ಸೆಪ್ಟೆಂಬರ್‌ನಲ್ಲಿ ವಿಚ್ಛೇದನ ಕೊಡಿಸಿದರು. ಸಾಮಾನ್ಯವಾಗಿ ಮೊಟ್ಟೆಯಿಟ್ಟು ಮುಗಿದೊಡನೆ ಗಂಡು ಹಿಡಿತ ಸಡಿಲಿಸಿ ತನ್ನ ದಾರಿ ಹಿಡಿಯುತ್ತದೆ, ವಕೀಲರ ಖರ್ಚೂ ಇಲ್ಲ. ಇರಲಿ. ಆಕಾಶದ ನಲ್ಲಿಯನ್ನು ತಿರುಗಿಸಿ ನಿಲ್ಲಿಸುವಷ್ಟು ಪ್ರಭಾವವಿರುವ ದಂಪತಿಯನ್ನು ಜನವರಿಯಲ್ಲೊಮ್ಮೆ ಹಸೆಗೇರಿಸಿ ನೋಡಬಾರದೇ? ಪಂಚಾಂಗದಲ್ಲಿ ಆಗಲೂ ಮುಹೂರ್ತಗಳಿರುತ್ತವೆ, ಛತ್ರಗಳೂ ಖಾಲಿ ಸಿಕ್ಕಾವು. ಆದರೆ ಕಪ್ಪೆಯ ಮುಹೂರ್ತ ಮಾತ್ರ ಮುಂಗಾರು ಮೋಡದ ಬೆನ್ನಿಗೇ ಕೂಡಿಬರುತ್ತದೆ.